ತೂಗುಸೇತುವೆಯ ಬಾಗು

ಮಳೆಗಾಲದಲ್ಲಿ ಹೊಳೆ ತುಂಬಿದೊಡನೆ ಸುಳ್ಯದ ಸುತ್ತಣ ಎಷ್ಟೋ ಹಳ್ಳಿಗಳಿಗೆ ಶಾಲೆ, ಆಸ್ಪತ್ರೆಗಳ ದಾರಿಯೇ ಕಡಿದುಹೋಗುತ್ತಿದ್ದಿತು. ಇಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ಕಾಲ್ನಡಿಗೆಯ ತೂಗುಸೇತುವೆಯೊಂದನ್ನು ಕಟ್ಟಿದರು. ಬಳಿಕ ಅಂತಹವನ್ನು ನೂರಕ್ಕೂ ಮಿಗಿಲಾಗಿ ನಿರ್ಮಿಸಿದರು.

ಹಗ್ಗವನ್ನು ಬಿಗಿದಷ್ಟೂ ಸೇತುವೆ ಭದ್ರವೆಂದು ತೋರಬಹುದು. ಗಣಿತದ ತೀರ್ಪು ಬೇರೆ. ಸಮವಾಗಿ ಹರಡಿದ 10 ಟನ್ ಭಾರವನ್ನು ಹೊತ್ತ ಉಕ್ಕಿನ ಹಗ್ಗಗಳು ನಡುವೆ ಸೇತುವೆಯ ಅಂತರದ ಹತ್ತನೆಯ ಒಂದು ಪಾಲು ಬಾಗಿದ್ದರೆ, ಅವುಗಳ ಅಡ್ಡ ಸೆಳೆತ 12.5 ಟನ್; ಇಪ್ಪತ್ತನೆಯ ಒಂದು ಪಾಲು ಮಾತ್ರ ಬಾಗಿದ್ದರೆ 25 ಟನ್. ಈ ಸೆಳೆತವನ್ನು ದಡದಲ್ಲಿ ಹೂತ ಲಂಗರುಗಳು ತಡೆಯಬೇಕು. ಆದುದರಿಂದ ಬಾಗು ದೋಷವಲ್ಲ, ರಕ್ಷೆ. ಭೀಮಾತೀರದ ಅಫಜಲಪುರ, ಜೇವರ್ಗಿಗಳ ವಿದ್ಯಾರ್ಥಿಗಳು ಬಟ್ಟೆ ಒಣಗಿಸುವ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ಇದನ್ನು ಪರೀಕ್ಷಿಸಬಹುದು.