ಡೀಸೆಲ್ ಕಾರಿನ ನಡುಕವೂ ಕ್ರ್ಯಾಂಕ್ ಪುಲ್ಲಿಯ ಮರ್ಮವೂ

ಪುಣೆಯ ಕೋಥರೂಡ ಭಾಗದಲ್ಲಿರುವ ನಮ್ಮವರಿಗೆ ವೇತಾಳ ಟೇಕಡಿ ಅಪರಿಚಿತವಲ್ಲ. ಮುಂಜಾನೆ ಅಡ್ಡಾಡಲು ಹೋಗುವ ಗುಮಾಸ್ತರೂ, ಮಧ್ಯಾಹ್ನದ ಬಿಡುವಿನಲ್ಲಿ ಗಾಳಿಗೆ ಮೈಯೊಡ್ಡುವ ಹೋಟೆಲಿನ ಹುಡುಗರೂ ಅದನ್ನು ‘ಎ.ಆರ್.ಎ.ಐ. ಟೇಕಡಿ’ ಎಂದು ಕರೆಯುವುದುಂಟು. ಆ ಹೆಸರು ಹೇಗೆ ಬಂತೆಂದು ವಿಚಾರಿಸಿದವರು ಮಾತ್ರ ವಿರಳ. 1966ರಲ್ಲಿ ಸ್ಥಾಪಿತವಾದ ಆಟೋಮೋಟಿವ್ ರಿಸರ್ಚ್ ಅಸೋಸಿಯೇಶನ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಆ ಗುಡ್ಡದ ಮೇಲಿದೆ. ನಮ್ಮ ರಸ್ತೆಗಳಿಗೆ ಇಳಿಯುವ ವಾಹನಗಳ ಎಂಜಿನ್ನು, ಹೊಗೆ, ಸದ್ದು, ಕಂಪನ, ಸುರಕ್ಷತೆ ಇವುಗಳ ಪರೀಕ್ಷೆ ಅಲ್ಲಿ ನಡೆಯುತ್ತದೆ. ಟೇಕಡಿಯ ಮೇಲೆ ತಜ್ಞರು ಯಂತ್ರದ ಕಂಪನವನ್ನು ಅಳೆಯುತ್ತಿರುವಾಗ, ಅದೇ ಟೇಕಡಿಯ ಬುಡದಲ್ಲಿ ನಮ್ಮ ಮೂವರು ಮಿತ್ರರು ಅದೇ ಕಂಪನದಿಂದ ಪಟ್ಟ ಪಾಡೇ ಈ ಲೇಖನಕ್ಕೆ ಕಾರಣ.

ಮೂವರಲ್ಲಿ ಒಬ್ಬರು ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಇನ್ನೊಬ್ಬರು ಅಡಿಗೆಯ ಭಟ್ಟರು. ಮತ್ತೊಬ್ಬರು ಕಚೇರಿಯ ಗುಮಾಸ್ತರು. ಮೂವರದೂ ಉಡುಪಿಯ ಕಡೆಯ ಊರು. 2020ರ ಏಪ್ರಿಲ್ 1ರಿಂದ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಸಣ್ಣ ಡೀಸೆಲ್ ಕಾರುಗಳ ತಯಾರಿಕೆ ಬಹುಮಟ್ಟಿಗೆ ನಿಂತುಹೋಯಿತಷ್ಟೆ. ಹಳೆಯ ಗಾಡಿಯೊಂದು ಕೈಗೆಟಕುವ ಬೆಲೆಗೆ ದೊರೆತಾಗ, ಮೂವರೂ ಉಳಿತಾಯದ ಹಣವನ್ನು ಒಟ್ಟುಗೂಡಿಸಿ ಕೊಂಡರು. ಹಬ್ಬಕ್ಕೆ, ಮದುವೆಗೆ, ಹೆತ್ತವರ ಕಾಯಿಲೆ ಕಸಾಲೆಗೆ ಬಸ್ಸಿನ ಟಿಕೆಟಿಗಾಗಿ ಪರದಾಡದೆ ಊರು ಸೇರಬಹುದೆಂಬುದೇ ಅವರ ಆಸೆ.

ಕೆಲವು ತಿಂಗಳಲ್ಲಿ ಗಾಡಿಗೆ ನಡುಕ ಹತ್ತಿತು. ನಿಂತಲ್ಲಿ ನಿಂತರೆ ಸ್ಟಿಯರಿಂಗ್ ಅದುರುವುದು. ಮುಂಭಾಗದಿಂದ ಪಟ್ಟಿ ಕೀರಲು ದನಿ ತೆಗೆಯುವುದು. ಗ್ಯಾರೇಜಿನವನು ಬಾನೆಟ್ಟು ತೆರೆದು ನೋಡಿ, “ಅಣ್ಣಾ, ಕ್ರ್ಯಾಂಕ್ ಪುಲ್ಲಿಯ ರಬ್ಬರು ಹೋಗಿದೆ. ಕಂಪೆನಿಯದು ದುಬಾರಿ. ಪೇಟೆಯಲ್ಲಿ ಹಗುರವಾದ ಅಲ್ಯೂಮಿನಿಯಮ್ ಪುಲ್ಲಿ ಬಂದಿದೆ, ರಬ್ಬರಿನ ತಂಟೆಯೇ ಇಲ್ಲ. ಗಾಡಿ ಕುದುರೆಯಂತೆ ಓಡುತ್ತದೆ” ಎಂದನು. ಥಳಥಳಿಸುವ ಆ ವಸ್ತುವನ್ನು ಕಂಡು ಮೂವರೂ ಮರುಳಾದರು. ‘ಹೊಸದು, ಹಗುರ, ಅಗ್ಗ’ ಎಂಬ ಮೂರು ಮಾತುಗಳಿಗೆ ಮರುಳಾಗದವರು ಯಾರು?

ಕಬ್ಬಿಣವೂ ತಿರುಚಿಕೊಳ್ಳುವುದು

ಈ ಪುಲ್ಲಿಯ ನಿಜವಾದ ಹೆಸರು ಹಾರ್ಮೋನಿಕ್ ಡ್ಯಾಂಪರ್. ಕಂಪನಶಾಮಕವೆಂದು ನಾವು ಕರೆಯಬಹುದು. ಅದರ ಕೆಲಸವೇನೆಂದು ತಿಳಿಯಬೇಕಾದರೆ ಮೊದಲು ಕ್ರ್ಯಾಂಕ್ ಶಾಫ್ಟಿನ ಕಷ್ಟವನ್ನು ತಿಳಿಯಬೇಕು.

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲನು ಯಶಸ್ವಿಗೊಳಿಸಿದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು 16ರಿಂದ 22 ಪಟ್ಟು ಅದುಮಿ, ಆ ಬಿಸಿಯಿಂದಲೇ ಎಣ್ಣೆಗೆ ಬೆಂಕಿ ಹತ್ತಿಸುವುದು ಡೀಸೆಲ್ ಎಂಜಿನ್ನುಗಳ ಕ್ರಮ. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಈ ಅದುಮುವಿಕೆ ಸುಮಾರು 9ರಿಂದ 11 ಪಟ್ಟು ಮಾತ್ರ. ಆದುದರಿಂದ ಡೀಸೆಲಿನ ಪ್ರತಿಯೊಂದು ಸ್ಫೋಟವೂ ಸುತ್ತಿಗೆಯ ಪೆಟ್ಟಿನಂತೆ ಬಿರುಸಾಗಿರುವುದು. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಕ್ರ್ಯಾಂಕ್ ಶಾಫ್ಟಿಗೆ ಇಂಥ 4000 ಪೆಟ್ಟುಗಳು ಬೀಳುತ್ತವೆ.

ಮೇಜು ಒರೆಸಿದ ಒದ್ದೆ ಬಟ್ಟೆಯನ್ನು ನಾವು ಹಿಂಡುವಾಗ ಒಂದು ತುದಿ ಒಂದು ಕಡೆಗೂ ಇನ್ನೊಂದು ತುದಿ ಮತ್ತೊಂದು ಕಡೆಗೂ ತಿರುಗುವುದಲ್ಲವೆ? ಉಕ್ಕಿನ ಶಾಫ್ಟೂ ಪೆಟ್ಟು ಬಿದ್ದಾಗಲೆಲ್ಲ ಕಣ್ಣಿಗೆ ಕಾಣದಷ್ಟು ತಿರುಚಿಕೊಂಡು, ಮತ್ತೆ ಬಿಚ್ಚಿಕೊಳ್ಳುವುದು. ಪ್ರತಿಯೊಂದು ಶಾಫ್ಟಿಗೂ ಅದರದೇ ಆದ ಓಲಾಟದ ಲಯವಿದೆ. ಉಯ್ಯಾಲೆ ಹಿಂದೆ ಬಂದ ಕ್ಷಣಕ್ಕೇ ಸರಿಯಾಗಿ ತಳ್ಳುತ್ತ ಹೋದರೆ ಮಗುವಿನ ಕೈಯಿಂದಲೂ ಅದು ಮುಗಿಲೆತ್ತರಕ್ಕೆ ಏರುವುದು. ಹಾಗೆಯೇ ಪೆಟ್ಟಿನ ಲಯವೂ ಶಾಫ್ಟಿನ ಲಯವೂ ಒಂದಾದರೆ ತಿರುಚು ಬೆಳೆಯುತ್ತ ಹೋಗಿ, ಕಡೆಗೆ ಉಕ್ಕು ಬಿರುಕು ಬಿಡುವುದು.

ಇದು ಬರಿಯ ಊಹೆಯಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆರು ಸಿಲಿಂಡರಿನ ಉದ್ದನೆಯ ಎಂಜಿನ್ನುಗಳು ಬಂದಾಗ ಅವುಗಳ ಶಾಫ್ಟುಗಳು ಮುರಿದು ತಯಾರಕರನ್ನು ಕಂಗೆಡಿಸಿದ್ದವು. ಇಂಗ್ಲೆಂಡಿನ ಹೆನ್ರಿ ರಾಯ್ಸ್ ಮತ್ತು ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರರು ಇದಕ್ಕೆ ಪರಿಹಾರವನ್ನು ಹುಡುಕಿದರು. ಲ್ಯಾಂಚೆಸ್ಟರನು 1910ರಲ್ಲಿ ತನ್ನ ಕಂಪನಶಾಮಕಕ್ಕೆ ಪೇಟೆಂಟು ಪಡೆದನು.

ರಬ್ಬರಿನದೊ, ದ್ರವದ್ದೊ?

ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ರಬ್ಬರಿನ ಡ್ಯಾಂಪರ್. ನಡುವೆ ಶಾಫ್ಟಿಗೆ ಬಿಗಿದ ಗುಂಬ. ಹೊರಗೆ ಭಾರವಾದ ಕಬ್ಬಿಣದ ಬಳೆ. ಇವೆರಡರ ಮಧ್ಯೆ ರಬ್ಬರಿನ ಉಂಗುರ. ಶಾಫ್ಟು ಸರಕ್ಕನೆ ತಿರುಚಿದಾಗ ಭಾರದ ಬಳೆ ಅಷ್ಟೇ ಬೇಗ ತಿರುಗಲಾರದೆ ಹಿಂದುಳಿಯುವುದು. ನಡುವಿನ ರಬ್ಬರು ಹಿಂಜಿಕೊಂಡು ಆ ಶಕ್ತಿಯನ್ನು ಶಾಖವನ್ನಾಗಿ ಮಾಡಿ ಕಳೆಯುವುದು. ಇಲ್ಲಿ ಬಳೆಯ ತೂಕವೂ ರಬ್ಬರಿನ ಬಿಗಿಯೂ ಆಯಾ ಎಂಜಿನ್ನಿನ ಲಯಕ್ಕೆ ಹೊಂದಿಸಿದವು. ಒಂದು ಎಂಜಿನ್ನಿನದು ಇನ್ನೊಂದಕ್ಕೆ ಅಳತೆಯಲ್ಲಿ ಕೂತರೂ ಗುಣದಲ್ಲಿ ಕೂರಲಾರದು.

ಎರಡನೆಯದು ದ್ರವದ ಡ್ಯಾಂಪರ್. ಸಾಂಬಾರು ತುಂಬಿದ ಬಕೇಟನ್ನು ಹಿಡಿಯಿಂದ ಸರಕ್ಕನೆ ತಿರುವಿ ನೋಡಿರಿ. ಬಕೇಟು ತಿರುಗಿದರೂ ಒಳಗಿನ ಸಾಂಬಾರು ಇದ್ದಲ್ಲೇ ನಿಲ್ಲುವುದು. ಅದು ಗಟ್ಟಿಯಾಗಿದ್ದಷ್ಟೂ ಕೈಗೆ ತಡೆ ಹೆಚ್ಚು. ದ್ರವದ ಡ್ಯಾಂಪರಿನಲ್ಲಿಯೂ ಮುಚ್ಚಿದ ಡಬ್ಬಿಯೊಳಗೆ ಭಾರದ ಬಳೆಯೊಂದು ದಪ್ಪನೆಯ ಸಿಲಿಕೋನ್ ದ್ರವದಲ್ಲಿ ತೇಲುತ್ತಿರುವುದು. ಇದು ಯಾವುದೋ ಒಂದು ಲಯಕ್ಕೆ ಕಟ್ಟುಬೀಳದೆ ಅನೇಕ ವೇಗಗಳಲ್ಲಿ ಕಂಪನವನ್ನು ನುಂಗಬಲ್ಲುದು. ದೊಡ್ಡ ಲಾರಿಗಳ ಡೀಸೆಲ್ ಎಂಜಿನ್ನುಗಳಲ್ಲಿ ಇದರ ಬಳಕೆ ಬಹಳ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಂಡವರಿಗೆ ಇದು ನಿಜವಾದ ಸುಧಾರಣೆ. ಏಕೆಂದರೆ ಪೆಟ್ಟು ಬಲವಾದರೆ ಹಳೆಯ ರಬ್ಬರಿನ ಲೆಕ್ಕ ತಪ್ಪುವುದು. ಆದರೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಿಗೆ ಮೂಲ ಭಾಗವೇ ಸಾಕು.

ಮೂರನೆಯದೇ ನಮ್ಮ ಮಿತ್ರರು ಕೊಂಡ ಹಗುರವಾದ ಪುಲ್ಲಿ. ಅದರಲ್ಲಿ ಬಳೆಯೂ ಇಲ್ಲ, ರಬ್ಬರೂ ಇಲ್ಲ, ದ್ರವವೂ ಇಲ್ಲ. ಪಟ್ಟಿಯನ್ನು ತಿರುಗಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ. ಡ್ಯಾಂಪರನ್ನು ಕಿತ್ತು ಅದನ್ನು ಹಾಕುವುದೆಂದರೆ ಮನೆಯ ಕಾವಲುಗಾರನನ್ನು ಬಿಡಿಸಿ ಅವನ ಅಂಗಿಯನ್ನು ಬಾಗಿಲಿಗೆ ತೂಗುಹಾಕಿದಂತೆ.

ಖಂಬಾಟಕಿ ಘಾಟಿನ ರಾತ್ರಿ

ಊರಿನಿಂದ ಮರಳುವಾಗ ಬೆಳಗಾವಿ, ಕೊಲ್ಲಾಪುರ, ಸಾತಾರಾ ದಾಟಿ ಖಂಬಾಟಕಿ ಘಾಟಿನ ಬಳಿ ಬರುತ್ತಿರುವಾಗ ಎಂಜಿನ್ನಿನ ಪಟ್ಟಿ ಹಾರಿಹೋಯಿತು. ಪಟ್ಟಿಯನ್ನು ಬಿಗಿ ಹಿಡಿಯುವ ಟೆನ್ಶನರಿನ ಬೇರಿಂಗು ಪುಡಿಯಾಗಿತ್ತು. ತಡೆಯಿಲ್ಲದ ಕಂಪನವೆಲ್ಲವೂ ಪಟ್ಟಿಯ ಮೂಲಕ ಅದರ ಮೇಲೆ ಬಿದ್ದುದೇ ಕಾರಣವೆಂದು ಆಮೇಲೆ ಬೇರೊಬ್ಬ ಮೆಕ್ಯಾನಿಕರು ತಿಳಿಸಿದರು. ನಡುರಾತ್ರಿ ಗಾಡಿಯನ್ನು ಎಳೆಸಿಕೊಂಡು ಬರಬೇಕಾಯಿತು. ಭಟ್ಟರು ಎರಡು ದಿನ ಕೆಲಸಕ್ಕೆ ತಪ್ಪಿಸಿಕೊಂಡರು; ಆ ಎರಡು ದಿನ ಅವರ ಜಾಗದಲ್ಲಿ ಬೇರೊಬ್ಬರು ಒಲೆಯ ಮುಂದೆ ನಿಂತರು. ಹೋಟೆಲಿನಲ್ಲಿ ದುಡಿಯುವವನಿಗೆ ಇದಕ್ಕಿಂತ ದೊಡ್ಡ ಅಂಜಿಕೆ ಬೇರೊಂದಿಲ್ಲವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಲಿಕರು ದೊಡ್ಡ ಮನಸ್ಸಿನವರಾದುದರಿಂದ ಕೆಲಸ ಉಳಿಯಿತು.

ಆ ಮೆಕ್ಯಾನಿಕರು ಮತ್ತೊಂದು ಸಂಗತಿಯನ್ನೂ ತೋರಿಸಿದರು. ನಿಂತಲ್ಲಿ ಸ್ಟಿಯರಿಂಗ್ ಅದುರುತ್ತಿದ್ದುದಕ್ಕೆ ಮುಖ್ಯ ಕಾರಣ ಡ್ಯಾಂಪರಾಗಿರಲಿಲ್ಲ. ಎಂಜಿನ್ನನ್ನು ಹೊತ್ತ ಮೌಂಟಿಂಗ್ ರಬ್ಬರು ಹರಿದಿತ್ತು. ಡ್ಯಾಂಪರು ತಡೆಯುವುದು ಶಾಫ್ಟಿನ ತಿರುಚನ್ನೇ ಹೊರತು ಎಂಜಿನ್ನಿನ ಎಲ್ಲ ಅದುರನ್ನಲ್ಲ. ಹೀಗೆ ರೋಗವೊಂದು, ಮದ್ದೊಂದು ಆಗಿತ್ತು. ಮೂಲ ಡ್ಯಾಂಪರು, ಟೆನ್ಶನರು, ಮೌಂಟಿಂಗು ಮೂರನ್ನೂ ಹಾಕಿಸಿದ ಮೇಲೆ ಗಾಡಿ ಶಾಂತವಾಯಿತು.

ಗಮನಿಸಬೇಕಾದ ಸಂಗತಿಗಳು

ಡೀಸೆಲ್ ಕಾರುಳ್ಳ ವಾಚಕರು ಆಗಾಗ ಪುಲ್ಲಿಯನ್ನು ಕಣ್ಣಾರೆ ನೋಡುವುದು ಲೇಸು. ಅದರ ರಬ್ಬರು ಬಿರುಕು ಬಿಟ್ಟಿದ್ದರೆ ಅಥವಾ ಹೊರಗೆ ಉಬ್ಬಿದ್ದರೆ, ಎಂಜಿನ್ನು ತಿರುಗುವಾಗ ಹೊರಬಳೆ ಓಲಾಡಿದರೆ, ಡ್ಯಾಂಪರು ಸೋತಿತೆಂದು ತಿಳಿಯಬೇಕು. ಶಾಖವೂ ಸೋರಿದ ಎಣ್ಣೆಯೂ ರಬ್ಬರಿನ ವೈರಿಗಳು. ಆದುದರಿಂದ ಹಿಂದಿನ ಆಯಿಲ್ ಸೀಲನ್ನೂ ಪರೀಕ್ಷಿಸಬೇಕು.

ಬದಲಾಯಿಸುವಾಗ ಸುತ್ತಿಗೆಯಿಂದ ಬಡಿಯಗೊಡದೆ ಪುಲ್ಲರಿನಿಂದಲೇ ತೆಗೆಯಿಸಬೇಕು. ತಯಾರಕರು ಹೊಸ ಬೋಲ್ಟನ್ನೇ ಬಳಸಬೇಕೆಂದು ವಿಧಿಸಿದ್ದರೆ ಹಳೆಯದರ ಮೇಲೆ ಆಸೆ ಬೇಡ. ಟಾರ್ಕ್ ಪಾನಾದಿಂದ, ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಸಬೇಕು. ಪೇಟೆಯ ಭಾಗವನ್ನು ಕೊಳ್ಳುವುದೇ ಆದರೆ, “ಇದರಲ್ಲಿ ಕಂಪನವನ್ನು ತಡೆಯುವುದು ಯಾವುದು? ಇದು ನನ್ನ ಎಂಜಿನ್ನಿಗಾಗಿಯೇ ಮಾಡಿದುದೆ?” ಎಂಬ ಎರಡು ಪ್ರಶ್ನೆಗಳನ್ನು ಕೇಳಿರಿ. ಮಾರುವವನು ತಡವರಿಸಿದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಂಡು ಮರಳಿರಿ.

ಯಂತ್ರವಿದ್ಯೆ ನಮ್ಮವರಿಗೆ ಪರಕೀಯವಲ್ಲ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವೇ 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ನಿನ ಕಾರ್ಖಾನೆಯನ್ನು ಕಟ್ಟಿತು. ನಾವೆಲ್ಲರೂ ಕಾರ್ಖಾನೆ ಕಟ್ಟಬೇಕಾಗಿಲ್ಲ. ನಮ್ಮನ್ನು ಊರಿಗೆ ಮುಟ್ಟಿಸುವ ಯಂತ್ರದ ಎರಡು ಮಾತನ್ನು ಅರಿತಿದ್ದರೆ ಸಾಕು. ಕಳೆದ ದೀಪಾವಳಿಗೆ ಆ ಮೂವರು ಮತ್ತೆ ಅದೇ ಕಾರಿನಲ್ಲಿ ಉಡುಪಿಗೆ ಹೋಗಿ, ರಜೆ ಮುಗಿಯುವ ಮುನ್ನಾದಿನವೇ ಕೋಥರೂಡಕ್ಕೆ ಮರಳಿದರು. ಮರುದಿನ ಮುಂಜಾನೆ ಭಟ್ಟರು ತಮ್ಮ ಒಲೆಯ ಮುಂದೆಯೇ ಇದ್ದರು.