ತಾರಸಿಯ ಮೆಣಸಿನಕಾಯಿ: ಜಾಗಕ್ಕಿಂತ ಬೀಜ, ಬಿಸಿಲು ಮುಖ್ಯ

ರಾಜಾಜಿನಗರ, ವಿಜಯನಗರದ ಎಷ್ಟೋ ಮನೆಗಳಲ್ಲಿ ಈಗ ಮಣ್ಣಿನ ಅಂಗಳವಿಲ್ಲ. ಆದರೂ ಒಗ್ಗರಣೆಗೆ ಬೇಕಾದ ಹಸಿಮೆಣಸಿನಕಾಯಿಯನ್ನು ತಾರಸಿಯಲ್ಲೇ ಬೆಳೆದುಕೊಳ್ಳಬಹುದು. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆ ಈ ಗಿಡಕ್ಕೆ ಒಗ್ಗುತ್ತದೆ. ಬೇಕಾದದ್ದು 6 ಗಂಟೆ ನೇರ ಬಿಸಿಲು, ತಳದಲ್ಲಿ ತೂತಿರುವ 12 ಇಂಚಿನ ಕುಂಡ, ಒಳ್ಳೆಯ ಬೀಜ. ಅಂಗಡಿಯ ಒಣಮೆಣಸಿನಕಾಯಿ ಒಡೆದು ಬಿತ್ತಿದರೂ ಸಸಿ ಬರಬಹುದು; ಆದರೆ ಅದು ಹೈಬ್ರಿಡ್ ಆಗಿದ್ದರೆ ಮರಿಗಿಡ ತಾಯಿಯಂತಿರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್‌ನಂಥ ತಳಿಯಾದರೆ ಮುಂದಿನ ಬಾರಿಗೂ ಬೀಜ ಎತ್ತಿಟ್ಟುಕೊಳ್ಳಬಹುದು. ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿದ ಬೀಜ 8–10 ದಿನಕ್ಕೆ ಮೊಳೆಯುತ್ತದೆ. 35–40 ದಿನದ ಸಸಿಯನ್ನು ಸಂಜೆ ಹೊತ್ತು ಕುಂಡಕ್ಕೆ ನಾಟಬೇಕು. ಅಲ್ಲಿಂದ ಎರಡು, ಎರಡೂವರೆ ತಿಂಗಳಿಗೆ ಕೊಯ್ಲು.

ಎಲೆ ಮುರುಟಿ ಗಿಡ ಕೆಡುತ್ತದೆ ಎಂಬ ಆಕ್ಷೇಪ ನಿಜವೇ. ಎಲೆಯಂಚು ಮೇಲಕ್ಕೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಬಾಗಿದರೆ ಮೈಟ್ ನುಸಿ ಎಂದು ಸಾಮಾನ್ಯವಾಗಿ ಗುರುತಿಸಬಹುದು. ಆರಂಭದಲ್ಲೇ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ತುಸು ಸೋಪು ಬೆರೆಸಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಬಿಳಿನೊಣ ಹರಡುವ ನಂಜುರೋಗ ತಗುಲಿದ ಗಿಡವನ್ನು ಮಾತ್ರ ಕಿತ್ತೇ ಹಾಕಬೇಕು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವಾಗ ಈ ಶ್ರಮವೇಕೆ ಎನ್ನುವವರೂ ಇದ್ದಾರೆ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಟ್ಟಿಗೆ ಆ ಮಾತು ಸರಿ; ವರ್ಷಕ್ಕಾಗುವ ಸಾರಿನ ಪುಡಿಗೆ ಕುಂಡದ ಬೆಳೆ ಸಾಲದು. ಹಸಿಮೆಣಸಿನಕಾಯಿಯ ಲೆಕ್ಕವೇ ಬೇರೆ: ದಿನಕ್ಕೆ ನಾಲ್ಕೈದು ಸಾಕು, ಸಿಂಪಡಿಸಿದ್ದೇನೆಂದು ನಮಗೇ ಗೊತ್ತಿರುತ್ತದೆ, ಕಿತ್ತಷ್ಟೂ ಗಿಡ ಹೂಬಿಡುತ್ತದೆ. ಅಷ್ಟಕ್ಕೆ ನಾಲ್ಕು ಕುಂಡ ಇಡುವುದು ಖಂಡಿತ ಸಾರ್ಥಕ.