ಸರಾಸರಿ ಮಳೆ ಬೀಳದ ಊರು

1908ರ ಸುಮಾರಿಗೆ ಅಮೆರಿಕದ ಕೆಲವು ಮನೆಗಳಿಗೆ ಅಂಚೆಯಲ್ಲಿ ಚೆಂದದೊಂದು ಕರಪತ್ರ ಬಂತು. ಓಕ್ಲಹೋಮದ ಪಶ್ಚಿಮದ ತುದಿಯಲ್ಲಿ ಬಾಯ್ಸ್ ಸಿಟಿ ಎಂಬ ಹೊಸ ಪಟ್ಟಣ ಎದ್ದಿದೆ, ಸಾಲುಮರದ ರಸ್ತೆಗಳಿವೆ, ನೆಲದಿಂದ ನೀರು ತಾನಾಗಿ ಚಿಮ್ಮುತ್ತದೆ, ನಿವೇಶನ ಬೇಕಿದ್ದವರು ಹಣ ಕಳಿಸಿ ಎಂದಿತ್ತು. ಹಣ ಕಟ್ಟಿ ಗಂಟುಮೂಟೆ ಸಮೇತ ಬಂದಿಳಿದವರಿಗೆ ಕಂಡದ್ದು ಹುಲ್ಲು ಮತ್ತು ಗಾಳಿ. ಮರ ಒಂದೂ ಇರಲಿಲ್ಲ. ಕರಪತ್ರ ಹಂಚಿದವರು ಅಂಚೆ ವಂಚನೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸಿದರು. ಆದರೂ ಊರು ಉಳಿಯಿತು, ಸಿಮರಾನ್ ಕೌಂಟಿಯ ಆಡಳಿತ ಕೇಂದ್ರವಾಯಿತು. ಅಲ್ಲಿನ ನೆಲವನ್ನು ಆಮೇಲೆ ಉತ್ತವರಿಗೂ ಒಂದು ಕರಪತ್ರ ಸಿಕ್ಕಿತ್ತು ಎನ್ನಬೇಕು. ಅದನ್ನು ಹಂಚಿದ್ದು ಮಾತ್ರ ಮಳೆ.

ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳೆರಡನ್ನೂ ಸೇರಿಸಿದಷ್ಟು ವಿಸ್ತಾರದ ಈ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ ಇದ್ದವರು 2,296 ಮಂದಿ. ಸಮುದ್ರಮಟ್ಟದಿಂದ 1,200 ಮೀಟರಿಗೂ ಎತ್ತರದಲ್ಲಿರುವ ಬಯಲು. ಕೊಲೊರಾಡೊ, ಕ್ಯಾನ್ಸಸ್, ನ್ಯೂ ಮೆಕ್ಸಿಕೊ, ಟೆಕ್ಸಾಸ್ ನಾಲ್ಕೂ ರಾಜ್ಯಗಳು ಅದರ ಅಂಚಿಗೆ ತಾಗುತ್ತವೆ. ವರ್ಷಕ್ಕೆ ಸರಾಸರಿ 450 ಮಿ.ಮೀ. ಆಸುಪಾಸಿನ ಮಳೆ. ಅದೇ ಓಕ್ಲಹೋಮದ ಆಗ್ನೇಯ ಮೂಲೆಯಲ್ಲಿ ಸುಮಾರು 1,400 ಮಿ.ಮೀ. ಬೀಳುತ್ತದೆ. ನಮ್ಮ ಚಳ್ಳಕೆರೆಯವರಿಗೆ ಸಿಮರಾನಿನ ಲೆಕ್ಕ ಹೊಸದೆನಿಸಲಾರದು. ಆದರೆ ಚಳ್ಳಕೆರೆಯ ರೈತ ಯಾವ ನಕ್ಷತ್ರದ ಮಳೆ ಕೈಕೊಟ್ಟಿತು ಎಂದಾದರೂ ಹೇಳಬಲ್ಲ. ಸಿಮರಾನಿನಲ್ಲಿ ಹಾಗೆ ಹೆಸರಿಟ್ಟು ಕಾಯಬಹುದಾದ ಮಳೆಯೇ ಇಲ್ಲ.

ಅಲ್ಲಿನವರ ಪ್ರಶ್ನೆ ಒಂದೇ: ಸಾವಿರ ಕಿ.ಮೀ.ಗೂ ಆಚೆ ಇರುವ ಮೆಕ್ಸಿಕೊ ಕೊಲ್ಲಿಯ ತೇವ ಈ ಬಾರಿ ಇಲ್ಲಿಯವರೆಗೆ ಬಂದೀತೇ? ವಸಂತದಲ್ಲಿ ಆಗ್ನೇಯದಿಂದ ಬರುವ ಆ ತೇವದ ಗಾಳಿಗೂ ನ್ಯೂ ಮೆಕ್ಸಿಕೊದ ಕಡೆಯಿಂದ ಇಳಿಯುವ ಬಿಸಿ ಒಣಗಾಳಿಗೂ ನಡುವೆ ಉತ್ತರ-ದಕ್ಷಿಣವಾಗಿ ಒಂದು ಗಡಿ ಏರ್ಪಡುತ್ತದೆ. ಹವಾಮಾನ ತಜ್ಞರು ಅದನ್ನು ಡ್ರೈಲೈನ್ ಎನ್ನುತ್ತಾರೆ. ಬಿಸಿಲೇರಿದಂತೆ ಗಡಿ ಪೂರ್ವಕ್ಕೆ ಸರಿಯುತ್ತದೆ, ರಾತ್ರಿ ಪಶ್ಚಿಮಕ್ಕೆ ಮರಳುತ್ತದೆ. ಗುಡುಗಿನ ಮೋಡಗಳು ಹುಟ್ಟುವುದು ಆ ಗಡಿಯಲ್ಲಿ ಮತ್ತು ಅದರ ಪೂರ್ವದಲ್ಲಿ. ಸಿಮರಾನ್ ಬಹಳ ಮಧ್ಯಾಹ್ನಗಳಲ್ಲಿ ಅದರ ಪಶ್ಚಿಮಕ್ಕೆ, ಒಣ ಮಗ್ಗುಲಲ್ಲಿ ಉಳಿದುಬಿಡುತ್ತದೆ. ಮಳೆ ಪಕ್ಕದ ಕೌಂಟಿಗೆ, ಗಾಳಿ ಇವರಿಗೆ. ಮಾರ್ಚ್, ಏಪ್ರಿಲ್‌ನಲ್ಲಿ ಆ ಗಾಳಿ ದಿನಗಟ್ಟಲೆ ಬೀಸುತ್ತದೆ. ಬೆಳೆ ಇನ್ನೂ ಮೋಟು, ನೆಲ ಬರಿದು.

ವರ್ಷದ ಮಳೆಯಲ್ಲಿ ಅರ್ಧಕ್ಕೂ ಹೆಚ್ಚು ಮೇ ತಿಂಗಳಿಂದ ಆಗಸ್ಟ್‌ವರೆಗಿನ ಸಂಜೆಗುಡುಗುಗಳಲ್ಲೇ ಬರಬೇಕು. ರಾಕಿ ಪರ್ವತಗಳ ತಪ್ಪಲಲ್ಲಿ ಕಟ್ಟಿದ ಮೋಡ ಸಂಜೆಗೆ ಇತ್ತ ತೇಲುತ್ತದೆ. ಕೆಲವೊಮ್ಮೆ ಹನಿಗಳು ಕಣ್ಣೆದುರೇ ಇಳಿಯುತ್ತಾ ನೆಲ ಮುಟ್ಟುವ ಮುನ್ನ ಆರಿಹೋಗುತ್ತವೆ. ನೆಲವೇ ಎತ್ತರದಲ್ಲಿರುವುದರಿಂದ ಆಲಿಕಲ್ಲಿಗೆ ಕರಗಲು ಪುರುಸೊತ್ತಿಲ್ಲ. ಜೂನ್ ಕೊನೆಗೆ ಕೊಯ್ಲಿಗೆ ಬಂದ ಗೋಧಿ ಹದಿನೈದು ನಿಮಿಷದಲ್ಲಿ ಮಲಗಬಹುದು. ಚಳಿಗಾಲದಲ್ಲಿ ಸರಾಸರಿ 75 ಸೆಂ.ಮೀ. ಹಿಮ ಬೀಳುತ್ತದಾದರೂ ಅದು ಹೊಲದಲ್ಲಿ ನಿಲ್ಲದೆ ಬೇಲಿಗೂ ಹಳ್ಳಕ್ಕೂ ತೂರಿ ಹೋಗುತ್ತದೆ. ಉತ್ತರ ಧ್ರುವಕ್ಕೂ ತಮಗೂ ನಡುವೆ ಇರುವ ತಡೆ ಒಂದು ಮುಳ್ಳುತಂತಿ ಬೇಲಿ ಮಾತ್ರ ಎಂಬುದು ಆ ಬಯಲುಸೀಮೆಯ ಹಳೆಯ ಜೋಕು.

ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. 100ನೇ ರೇಖಾಂಶದಿಂದ ಪಶ್ಚಿಮಕ್ಕೆ ನೀರಾವರಿಯಿಲ್ಲದೆ ಬೇಸಾಯ ನೆಚ್ಚುವಂತಿಲ್ಲ ಎಂದು ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದ. ಸಿಮರಾನ್ ಶುರುವಾಗುವುದೇ ಆ ಗೆರೆಯಿಂದ ಸುಮಾರು 180 ಕಿ.ಮೀ. ಆಚೆ. ಆದರೆ ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ ಎನ್ನುವವರ ಮಾತು ಜನರಿಗೆ ಹೆಚ್ಚು ರುಚಿಸಿತು. 1920ರ ದಶಕದ ಕೊನೆಯ ಮಳೆಗಳು ಅದಕ್ಕೆ ಸಾಕ್ಷಿ ನುಡಿದವು. ಮೊದಲ ಮಹಾಯುದ್ಧದ ಕಾಲದಲ್ಲಿ ಬುಶೆಲ್ಲಿಗೆ ಎರಡು ಡಾಲರ್ ದಾಟಿದ್ದ ಗೋಧಿಯ ಬೆಲೆ ಟ್ರ್ಯಾಕ್ಟರ್ ಕೊಳ್ಳಿಸಿತು. ಸಾವಿರಾರು ವರ್ಷ ಮಣ್ಣನ್ನು ಹಿಡಿದಿದ್ದ ಬಫಲೊ ಹುಲ್ಲು, ಗ್ರಾಮಾ ಹುಲ್ಲು ಬೇರುಸಮೇತ ಮಗುಚಿಬಿದ್ದವು. 1931ರಲ್ಲಿ ಭಾರಿ ಫಸಲು ಬಂತು, ಬೆಲೆ ಅರ್ಧ ಡಾಲರಿಗಿಂತ ಕೆಳಗಿಳಿಯಿತು, ಆಮೇಲೆ ಮಳೆಯೂ ನಿಂತಿತು.

ಮುಂದಿನ ಕಥೆ ಜಗತ್ತಿಗೆ ಗೊತ್ತು: ಹುಲ್ಲು ಕಳೆದುಕೊಂಡ ಮಣ್ಣು ಧೂಳಾಗಿ ಎದ್ದಿತು. ಧೂಳು ತುಂಬಿದ ಗಾಳಿಯಲ್ಲಿ ವಿದ್ಯುತ್ತು ಸೇರಿ ಕಾರುಗಳು ನಿಂತುಬಿಡುತ್ತಿದ್ದುದರಿಂದ ಜನ ಹಿಂಬದಿಗೆ ಸರಪಳಿ ಕಟ್ಟಿ ನೆಲಕ್ಕೆಳೆಯುತ್ತಾ ಓಡಿಸುತ್ತಿದ್ದರು. 1935ರ ಏಪ್ರಿಲ್ 14, ಭಾನುವಾರ, ವಾರಗಳ ಧೂಳಿನ ನಂತರ ಆಕಾಶ ತಿಳಿಯಾಗಿತ್ತು. ಒಗೆದ ಬಟ್ಟೆ ಹೊರಗೆ ಹರವಿದ್ದರು. ಸಂಜೆಯ ಹೊತ್ತಿಗೆ ಉತ್ತರದಿಂದ ತಂಪುಗಾಳಿಯ ಮುಂಚೂಣಿ ಕಪ್ಪು ಗೋಡೆಯಂತೆ ಬಂದು ಹಗಲನ್ನೇ ನುಂಗಿತು. ಬಾಯ್ಸ್ ಸಿಟಿಯಿಂದ ಹೊರಟ ಶವಯಾತ್ರೆಯೊಂದು ದಾರಿಯಲ್ಲೇ ಸಿಕ್ಕಿಕೊಂಡಿತು. ಮರುವರ್ಷ ಏಪ್ರಿಲ್‌ನಲ್ಲಿ ಆರ್ಥರ್ ರೋತ್‌ಸ್ಟೀನ್ ಈ ಕೌಂಟಿಯಲ್ಲೇ ತೆಗೆದ ಫೋಟೊ, ಧೂಳಿನೆದುರು ಬಾಗಿ ನಡೆವ ರೈತ ಮತ್ತು ಇಬ್ಬರು ಗಂಡುಮಕ್ಕಳು, ಆ ದಶಕದ ಗುರುತಾಯಿತು. ಅಂದಹಾಗೆ, ಸ್ಟೈನ್‌ಬೆಕ್‌ನ 'ದ ಗ್ರೇಪ್ಸ್ ಆಫ್ ರಾತ್' ಕಾದಂಬರಿ ಓದಿ ಅದರಲ್ಲಿನ ಜೋಡ್ ಕುಟುಂಬವನ್ನು ಇಲ್ಲಿ ಹುಡುಕುವವರಿದ್ದಾರೆ. ಅವರ ಊರು ಸಾಲಿಸಾ ಓಕ್ಲಹೋಮದ ಪೂರ್ವದ ಅಂಚಿನಲ್ಲಿದೆ, ಈ ಧೂಳಿನ ನೆಲದಲ್ಲಲ್ಲ. ಸಿಮರಾನಿನ ಜನಸಂಖ್ಯೆ 1930ರ 5,408ರಿಂದ 1940ಕ್ಕೆ 3,654ಕ್ಕೆ ಇಳಿಯಿತು. ಅಂದರೆ ಹೆಚ್ಚಿನವರು ಆ ಧೂಳಿನಲ್ಲೂ ಜಾಗ ಬಿಡಲಿಲ್ಲ.

ಬರಕ್ಕೆ ಕಾರಣ ದೂರದ್ದು. ಪೆಸಿಫಿಕ್ ಸಾಗರದ ಉಷ್ಣವಲಯ ತುಸು ತಣ್ಣಗಾಗಿ, ಅಟ್ಲಾಂಟಿಕ್ ತುಸು ಬೆಚ್ಚಗಾಗಿದ್ದು ಕೊಲ್ಲಿಯ ತೇವದ ದಾರಿ ತಪ್ಪಿಸಿತೆಂದು ನಾಸಾದ ಸೀಗ್‌ಫ್ರೀಡ್ ಶೂಬರ್ಟ್ ಮತ್ತು ಸಂಗಡಿಗರು 2004ರಲ್ಲಿ ಕಂಪ್ಯೂಟರ್ ಮಾದರಿಗಳಿಂದ ತೋರಿಸಿದರು. ಧೂಳಿಗೆ ಕಾರಣ ಮಾತ್ರ ಕಾಲಬುಡದಲ್ಲೇ ಇತ್ತು. ಸರಾಸರಿ ಎನ್ನುವುದು ಹಸಿ ವರ್ಷಗಳನ್ನೂ ಒಣ ವರ್ಷಗಳನ್ನೂ ಕೂಡಿ ಭಾಗಿಸಿದ ಸಂಖ್ಯೆ. ಇಲ್ಲಿ ಅವು ಒಂದು ಬಿಟ್ಟು ಒಂದು ಬರುವುದಿಲ್ಲ, ಸಾಲುಗಟ್ಟಿ ಬರುತ್ತವೆ. ಐದಾರು ಒಳ್ಳೆಯ ವರ್ಷ ನೋಡಿದ ರೈತ ಅದನ್ನೇ ಊರಿನ ಸ್ವಭಾವವೆಂದು ನಂಬಿದರೆ ಅವನದೇನು ತಪ್ಪು? 1950ರ ದಶಕದಲ್ಲಿ ಇಂಥದೇ ಒಣ ಸಾಲು ಬಂತು, 2011ರಿಂದ ಮತ್ತೊಂದು.

ಈಗ ಲೆಕ್ಕಕ್ಕೆ ಕೊರತೆಯಿಲ್ಲ. 1994ರಲ್ಲಿ ಶುರುವಾದ ಓಕ್ಲಹೋಮ ಮೆಸೊನೆಟ್ ರಾಜ್ಯದ 77 ಕೌಂಟಿಗಳಲ್ಲೂ ಯಂತ್ರ ನಿಲ್ಲಿಸಿ ಐದೈದು ನಿಮಿಷಕ್ಕೆ ಗಾಳಿ, ಮಳೆ, ಬಿಸಿಲು ದಾಖಲಿಸುತ್ತದೆ. ಮಳೆ ನೆಚ್ಚಿದವರು ಗೋಧಿ, ಜೋಳ ಬೆಳೆದು ನಡುವೆ ನೆಲವನ್ನು ತಿಂಗಳುಗಟ್ಟಲೆ ಬೀಳು ಬಿಟ್ಟು ಹದ ಕೂಡಿಸುತ್ತಾರೆ. ವಿಜಯಪುರದ ಹಿಂಗಾರಿ ಜೋಳದವರಿಗೆ ಈ ಉಪಾಯ ಹೇಳಿಕೊಡಬೇಕಿಲ್ಲ. ಉಳಿದವರಿಗೆ ಓಗಲಾಲ ಅಂತರ್ಜಲವಿದೆ. ಎತ್ತಿದಷ್ಟು ಅಲ್ಲಿ ಮರಳಿ ತುಂಬುವುದಿಲ್ಲ, ಬೋರ್‌ವೆಲ್‌ಗಳು ಸೊರಗುತ್ತಿವೆ.

1930ರ ದಶಕದಲ್ಲಿ ಹಾಳಾದ ಹೊಲಗಳಲ್ಲಿ ಒಂದಷ್ಟನ್ನು ಸರ್ಕಾರ ಕೊಂಡು ಮತ್ತೆ ಹುಲ್ಲು ಬೆಳೆಸಿತು. ರೀಟಾ ಬ್ಲಾಂಕಾ ಹುಲ್ಲುಗಾವಲಾಗಿ ಅದು ಟೆಕ್ಸಾಸ್‌ವರೆಗೂ ಹಬ್ಬಿದೆ, ದನ ಮೇಯುತ್ತವೆ. ಖಾಸಗಿ ಹೊಲಗಳಲ್ಲೂ ಉಳದೆ ಹುಲ್ಲು ಬಿಟ್ಟವರಿಗೆ 1985ರ ಕಾಯ್ದೆಯ ಪ್ರಕಾರ ಬಾಡಿಗೆ ಸಿಗುತ್ತದೆ. ಕರಾರು ಹತ್ತರಿಂದ ಹದಿನೈದು ವರ್ಷದ್ದು. ಧಾನ್ಯದ ಬೆಲೆ ಏರಿದಾಗ ಕರಾರು ಮುಗಿದವರಲ್ಲಿ ಕೆಲವರು ಆ ಹುಲ್ಲನ್ನು ಮತ್ತೆ ಉಳುತ್ತಾರೆ.